ಮರಳುವ ಟಿಕೆಟ್‌ನಿಂದ ಶುರು

ಪ್ರವಾಸ ಹೊರಟವರೆಲ್ಲ ಮೊದಲು ಹುಡುಕುವುದು ಹೋಗುವ ಟಿಕೆಟ್ಟು. ಸ್ಕೂಬಾ ಹುಚ್ಚು ಹತ್ತಿದವರು ಹುಡುಕುವುದು ಬರುವ ಟಿಕೆಟ್ಟು. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಮೊದಲ ಬಾರಿ ಮುಳುಗಿ ರುಚಿ ಕಂಡ ಬೆಂಗಳೂರಿಗರು, ಹ್ಯಾವ್‌ಲಾಕ್ ಎಂದೇ ಹೆಸರಾಗಿದ್ದ ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೊರಡುವಾಗ ಲೆಕ್ಕವನ್ನು ಹೀಗೆ ಕೊನೆಯಿಂದಲೇ ಹಾಕುತ್ತಾರೆ.

ಕಾರಣ ಸಾರಜನಕ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಮೈಮೇಲಿನ ಒತ್ತಡ ದುಪ್ಪಟ್ಟಾಗಿರುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸಖಂಡಗಳಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೂ ಅದು ಪೂರ್ತಿ ಹೊರಬೀಳಲು ಗಂಟೆಗಟ್ಟಲೆ ಬೇಕು. ಅವಸರದಲ್ಲಿ ವಿಮಾನ ಹತ್ತಿದರೆ ಕ್ಯಾಬಿನ್ನಿನ ಕಡಿಮೆ ಒತ್ತಡಕ್ಕೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ಮೈಯೊಳಗೇ ಗುಳ್ಳೆ ಏಳಬಹುದು. ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾದು ಹಾರಬೇಕೆಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ಬೆಳಿಗ್ಗೆ 11ಕ್ಕೆ ವಿಮಾನವಿದ್ದರೆ ಹಿಂದಿನ ಸಂಜೆ 5ಕ್ಕೆ ಮೊದಲೇ ಕಡಲಿನಿಂದ ಎದ್ದಿರಬೇಕು. ಹಾಗಾಗಿ ಕೊನೆಯ ದಿನ ರಾಧಾನಗರದ ಮರಳಿಗೋ ಸೆಲ್ಯುಲರ್ ಜೈಲಿಗೋ ಮೀಸಲು.

ಇನ್ನು ಪಂಚಾಂಗ. ಮಳೆಗಾಲ ಬಿಟ್ಟು, ಜನವರಿಯಿಂದ ಏಪ್ರಿಲ್‌ವರೆಗಿನ ತಿಳಿನೀರಿನ ತಿಂಗಳುಗಳನ್ನು ಹಿಡಿದರಷ್ಟೇ ಸಾಲದು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಉಬ್ಬರವಿಳಿತ ದೊಡ್ಡದು, ಸೆಳೆತವೂ ಜೋರು. ಅಷ್ಟಮಿಯ ಆಸುಪಾಸು ನೀರು ಒಂದಿಷ್ಟು ಸಮಾಧಾನದಲ್ಲಿರುತ್ತದೆ. ಮದುವೆಗೂ ಮುಹೂರ್ತ ನೋಡದವರು ಡೈವಿಂಗಿಗೆ ತಿಥಿ ನೋಡುತ್ತಾರೆ!

ಆಮೇಲೆ ಡೈವ್ ಸೆಂಟರಿನ ಜೊತೆ ಪತ್ರವ್ಯವಹಾರ. ಅವರ ಪ್ರಶ್ನೆಗಳು ಸಂಬಂಧ ಕುದುರಿಸುವವರ ಪ್ರಶ್ನೆಗಳಿಗಿಂತ ಖಡಕ್ಕು. ಯಾವ ಸರ್ಟಿಫಿಕೇಟು? ಕೊನೆಯ ಡೈವ್ ಯಾವಾಗ? ಎತ್ತರ, ತೂಕ, ಪಾದದ ಅಳತೆ? ಉಬ್ಬಸ, ಹೃದಯದ ತೊಂದರೆ, ಕಿವಿನೋವು? ಒಂದಕ್ಕೆ ‘ಹೌದು’ ಎಂದರೂ ವೈದ್ಯರ ಸಹಿ ಬೇಕಾದೀತು. ಬಲ್ಲವರು ತಿರುಗಿ ಕೇಳುತ್ತಾರೆ: ಒಬ್ಬ ಗೈಡ್‌ಗೆ ಎಷ್ಟು ಜನ? ದೋಣಿಯಲ್ಲಿ ಆಕ್ಸಿಜನ್ ಇದೆಯೇ? ಕನ್ನಡಕದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆಯೇ?

ಎಲ್ಲಿ ಇಳಿಯುವುದೆಂಬ ಮಾತು ಬಂದಾಗಲೇ ನಿಜವಾದ ಖುಷಿ. ಹೊಸಬರಿಗೆ ದಡದಿಂದ ನಡೆದೇ ಇಳಿಯಬಹುದಾದ ನೆಮೊ ರೀಫ್. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಓಪನ್ ವಾಟರ್ ಕೋರ್ಸ್ ಮುಗಿಸಿದವರ ಮಿತಿ 18 ಮೀಟರ್, ಅಡ್ವಾನ್ಸ್ಡ್ ಆದವರಿಗೆ 30. ಡಿಕ್ಸನ್ಸ್ ಪಿನಕಲ್, ಜಾನೀಸ್ ಗಾರ್ಜ್‌ನಂಥ ದೂರದ, ಆಳದ ತಾಣಗಳ ಆಸೆ ಆ ಎರಡನೆಯ ಸರ್ಟಿಫಿಕೇಟಿನೊಂದಿಗೇ ಬೆಳೆಯುತ್ತದೆ. ವರ್ಷಗಟ್ಟಲೆ ನೀರಿಗಿಳಿಯದವರು ಮೊದಲ ದಿನ ತಗ್ಗು ನೀರಿನಲ್ಲಿ ಮರುಪಾಠ ಇಟ್ಟುಕೊಳ್ಳುವುದು ವಾಡಿಕೆ. ಬೇಕಾದ ತಾಣಗಳ ಪಟ್ಟಿ ಕಳಿಸಿದರೆ ಸೆಂಟರಿನಿಂದ ಬರುವ ಉತ್ತರ ಒಂದೇ: ಆ ದಿನದ ಗಾಳಿ, ಸೆಳೆತ ನೋಡಿ ಹೇಳುತ್ತೇವೆ.

ಅಲ್ಲಿಗೆ ಉಳಿಯುವುದು ಪೆಟ್ಟಿಗೆ. ರೆಗ್ಯುಲೇಟರ್, ಡೈವ್ ಕಂಪ್ಯೂಟರ್ ಕೈಚೀಲಕ್ಕೆ. ಫಿನ್ಸ್, ವೆಟ್‌ಸೂಟ್ ದೊಡ್ಡ ಪೆಟ್ಟಿಗೆಗೆ. ತಕ್ಕಡಿ 15 ಕಿಲೋ ದಾಟಿತೆಂದರೆ ಹೊರಬೀಳುವುದು ಷರ್ಟುಗಳೇ.