ರಚ್ಚೆ ಇಳಿಯುವ ಹೊತ್ತು

ಚನ್ನಪಟ್ಟಣದ ಬೊಂಬೆ ಅಂಗಡಿಯಲ್ಲಿ ಆಲೆಮರದ ಕುದುರೆ, ಅರಗಿನ ಬಣ್ಣದ ಬುಗುರಿ, ಗಿಲಕಿ ಎಲ್ಲ ಕೈಗೆಟಕುವಂತೆ ಸಾಲಾಗಿ ನಿಂತಿರುತ್ತವೆ. ಮೂರು ವರ್ಷದ ಮಗುವಿಗೆ ‘ಇನ್ನೊಂದು ದಿನ ಕೊಡಿಸೋಣ’ ಎಂಬ ಮಾತು ಅಲ್ಲಿ ಹೇಗೆ ತಾನೇ ರುಚಿಸೀತು? ಮಗು ನೆಲಕ್ಕೆ ಬಿದ್ದು ಕೈಕಾಲು ಬಡಿಯುತ್ತದೆ. ಅಪ್ಪ ಗದರುತ್ತಾನೆ, ಅಮ್ಮ ಪೊಲೀಸರ ಹೆಸರು ಹೇಳಿ ಹೆದರಿಸುತ್ತಾಳೆ, ಕೊನೆಗೆ ಅಳು ನಿಂತರೆ ಸಾಕೆಂದು ಬೊಂಬೆ ಕೊಡಿಸುತ್ತಾರೆ. ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುವುದು ಹೀಗೆ.

ಅಂಥದೇ ಅಂಗಡಿಯ ಮುಂದೆ ಒಂದು ಸಂಜೆ ಕನಕಪುರ ಕಡೆಯ ಅಜ್ಜಿಯೊಬ್ಬರನ್ನು ಕಂಡೆ. ಮೊಮ್ಮಗ ರಂಪ ಹಿಡಿದಿದ್ದ. ಅಜ್ಜಿ ಪಕ್ಕದಲ್ಲೇ ಕೂತು, ಅವನ ತಲೆ ಕಲ್ಲಿಗೆ ತಾಗದಂತೆ ಅಂಗೈ ಒಡ್ಡಿದರು. “ಅಳು ಮಗ, ನಾನಿಲ್ಲೇ ಇವ್ನಿ. ಬೊಂಬೆ ಇವತ್ತು ಬ್ಯಾಡ” ಎಂದವರು ಸುಮ್ಮನಾದರು. ಸೊಸೆ ಗದರಲು ಹೊರಟಾಗ ಮಾತ್ರ, “ಸುಮ್ಕಿರವ್ವ, ಜ್ವರಕ್ಕೆ ಕುಂತಿರೋ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರ?” ಎಂದರು.

ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊರುವ ಮನೆಗಳಲ್ಲಿ ಈ ಮಾತಿಗೆ ವಿವರಣೆ ಬೇಡ. ಗೂಡು ಕಟ್ಟುವ ಮುನ್ನ ಹುಳು 4 ಸಲ ಜ್ವರಕ್ಕೆ ಕೂರುತ್ತದೆ. ತಲೆಯೆತ್ತಿ, ಅಲುಗದೆ, ಸೊಪ್ಪು ಮುಟ್ಟದೆ ಹಳೆಯ ಚರ್ಮ ಕಳಚುತ್ತದೆ. ಸಾಕುವವರು ಆಗ ಹುಳುವನ್ನು ಕದಲಿಸುವುದಿಲ್ಲ. ಹಾಸು ಒಣಗಿರುವಂತೆ, ಗಾಳಿಯಾಡುವಂತೆ ನೋಡಿಕೊಂಡು ಕಾಯುತ್ತಾರೆ. ಹುಳು ಎದ್ದ ಮೇಲೆಯೇ ಎಳೆಯ ಹಿಪ್ಪುನೇರಳೆ ಸೊಪ್ಪು.

ಮಗುವಿನ ರಚ್ಚೆಯೂ ಬೆಳೆಯುವ ಹಾದಿಯದೇ. ಆವೇಶಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ವಯಸ್ಸು 20 ದಾಟಬೇಕು. ಅಳು ತಾರಕಕ್ಕೇರಿದಾಗ ಹೇಳುವ ಬುದ್ಧಿಮಾತು ಮಗುವಿನ ತಲೆಗೆ ಇಳಿಯುವುದಿಲ್ಲ. ನಮ್ಮ ದನಿ ತಗ್ಗಿದರೆ ಮಗುವಿನ ಉಸಿರೂ ನಿಧಾನಕ್ಕೆ ತಗ್ಗುತ್ತದೆ. ಹೊಡೆಯಲು, ಕಚ್ಚಲು ಬಂದರೆ ಕೈ ಹಿಡಿದು ತಡೆಯಬೇಕು. ಆದರೆ ತಿರುಗಿ ಹೊಡೆದರೆ, ಸಿಟ್ಟು ಬಂದಾಗ ಹೊಡೆಯಬಹುದೆಂದು ನಾವೇ ಹೇಳಿಕೊಟ್ಟಂತಾಗುತ್ತದೆ.

ಸ್ವಲ್ಪ ಹೊತ್ತಿಗೆ ಹುಡುಗ ಬಿಕ್ಕುತ್ತಾ ಅಜ್ಜಿಯ ತೊಡೆಯೇರಿದ. ಕಣ್ಣೊರೆಸಿ, ನೀರು ಕುಡಿಸಿ, “ಕುದುರೆ ಚೆಂದಾಗಿತ್ತು ಅಲ್ವ?” ಎಂದು ಮಾತಿಗೆಳೆದರು. ಅವನಿಗೆ ಕುದುರೆ ಸಿಗಲಿಲ್ಲ, ಅದನ್ನು ಬಯಸಿದ್ದಕ್ಕೆ ಬೈಗುಳವೂ ಸಿಗಲಿಲ್ಲ.

ಇಷ್ಟು ತಾಳ್ಮೆ ತಾಯಿಯೊಬ್ಬಳ ಮೇಲೆ ಹೊರಿಸುವ ಹೊರೆಯಾಗಬಾರದು. ದಣಿದವಳ ಕೈಯಿಂದ ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳುವವರು ಮನೆಯಲ್ಲಿರಬೇಕು. ಬೀದಿಯಲ್ಲಾದರೆ ನಾವು ದುರುಗುಟ್ಟದೆ, ಉಪದೇಶಕ್ಕಿಳಿಯದೆ, ಆ ತಾಯಿ ಮಗುವಿನ ಪಕ್ಕ ಕೂರಲು ಜಾಗ ಬಿಡಬೇಕು.