ಕಣ್ಣು ಮುಂದೆ, ಬೆರಳು ಹಿಂದೆ

ಸೋಂದಾದಲ್ಲಿ ನನ್ನ ಬಳಿ ಹಾರ್ಮೋನಿಯಂ ಕಲಿಯುವ ಪುಟ್ಟ ಹುಡುಗಿಯ ಕಿವಿ ಬಲು ಚುರುಕು. ಕೇಳಿದ ಭೂಪಾಲಿ ಬಂದಿಶನ್ನು ಹಾಗೇ ನುಡಿಸುತ್ತಾಳೆ. ಪುಸ್ತಕ ಎದುರಿಟ್ಟರೆ ಮಾತ್ರ, "ಅಕ್ಕಾ, ಓದ್ತಾ ಹೋದ್ರೆ ಕೈ ನಿಂತೇ ಹೋಗ್ತದೆ" ಎನ್ನುತ್ತಾಳೆ.

ಭಾತಖಂಡೆ ಸ್ವರಲಿಪಿಯ ಗುರುತುಗಳು ಅವಳಿಗೆ ಬೇಗ ಬಂದವು: ಸ್ವರದಡಿ ಗೆರೆಯಿದ್ದರೆ ಕೋಮಲ, ಚುಕ್ಕಿ ಕೆಳಗಿದ್ದರೆ ಮಂದ್ರ, ಮೇಲಿದ್ದರೆ ತಾರ. ಎಡವುತ್ತಿದ್ದುದು ಸ್ವರಗಳ ನಡುವಿನ ಅಡ್ಡಗೆರೆಯಲ್ಲಿ. ಅಕ್ಷರವಿಲ್ಲವೆಂದು ಅದನ್ನು ಹಾರಿಬಿಡುತ್ತಿದ್ದಳು. ತೀನತಾಲದ 16 ಮಾತ್ರೆ 15 ಆಗಿ ಸಮ್ ತಪ್ಪುತ್ತಿತ್ತು. "ಗೆರೆ ಅಂದ್ರೆ ಏನೂ ಇಲ್ಲ ಅಂತಲ್ಲ ಕೂಸೇ, ಹಿಂದಿನ ಸ್ವರ ಇನ್ನೂ ಇದೆ. ಬೆರಳು ಎತ್ತಬೇಡ" ಎಂದೆ.

ಈಗ ಅವಳು ನುಡಿಸತೊಡಗಿದ ವಿಭಾಗವನ್ನು ಕೂಡಲೇ ಪೋಸ್ಟ್‌ಕಾರ್ಡಿನಿಂದ ಮುಚ್ಚುತ್ತೇನೆ. ಬೆರಳು ಈ ನಾಲ್ಕು ಮಾತ್ರೆಗಳಲ್ಲಿರುವಾಗ ಕಣ್ಣು ಮುಂದಿನ ನಾಲ್ಕಕ್ಕೆ ಹೋಗಲೇಬೇಕು. ಲಯ ನಿಧಾನ, ಆದರೆ ತಪ್ಪಿದರೂ ನಿಲ್ಲುವಂತಿಲ್ಲ.

ಲಿಪಿ ಹಿಡಿದವರ ಕಿವಿ ಮಂಕಾಗುತ್ತದೆ ಎನ್ನುವವರಿದ್ದಾರೆ. ಘರಾಣೆಗಳೊಳಗಿದ್ದ ಬಂದಿಶ್‌ಗಳನ್ನು ಭಾತಖಂಡೆ ಆರು ಸಂಪುಟಗಳಲ್ಲಿ ಬರೆದಿಟ್ಟದ್ದು ಕಿವಿಗೆ ಬದಲಾಗಿ ಅಲ್ಲ. ರಾಗದ ಜೀವ ಕೇಳಿಯೇ ಬರಬೇಕು. ಆದರೆ ಜಡಿಮಳೆಗೆ ಪಾಠ ತಪ್ಪಿದ ದಿನ, ನಾನಿನ್ನೂ ಕಲಿಸದ ಬಂದಿಶೊಂದನ್ನು ಅವಳು ತಾನೇ ತೆರೆದುಕೊಳ್ಳಬೇಕಲ್ಲ.