ಅಣ್ಣನ ಸೋಫಾದ ಮೇಲೆ ಮಲಗುತ್ತಿದ್ದ ಹುಡುಗ

2012ರ ಫೆಬ್ರವರಿ. ನಾನು ಗಲ್ಫಿಗೆ ಬಂದು ನಾಲ್ಕು ತಿಂಗಳಾಗಿತ್ತು. ಆಸ್ಪತ್ರೆಯ ಫಾರ್ಮಸಿಯಲ್ಲಿ ಆರು ತಿಂಗಳ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಡಿಪ್ಲೊಮಾ. ಸುತ್ತಮುತ್ತ ಇದ್ದವರೆಲ್ಲ ಬಿ.ಫಾರ್ಮ್, ಎಂ.ಫಾರ್ಮ್ ಮಾಡಿದವರು. ಯಾರೂ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಆದರೆ ಡಿಸ್ಪೆನ್ಸಿಂಗ್ ಕೌಂಟರ್ ಬಿಟ್ಟು ಬೇರೆ ಕೆಲಸಕ್ಕೆ ನನ್ನನ್ನು ಕರೆಯುತ್ತಲೂ ಇರಲಿಲ್ಲ. ಟ್ರಂಕನ್ನು ಪೂರ್ತಿ ಖಾಲಿ ಮಾಡಿರಲಿಲ್ಲ. ವಾಪಸ್ ಕಳಿಸಿದರೆ ಮತ್ತೆ ತುಂಬುವ ಕೆಲಸ ಬೇಡ ಅಂತ.

ಒಂದು ಭಾನುವಾರ ಬೆಳಗ್ಗೆ ಡ್ಯೂಟಿಗೆ ಹೋದಾಗ ನಮ್ಮ ಫಿಲಿಪಿನೋ ಟೆಕ್ನಿಷಿಯನ್ ಕೆಂಪು ಕಣ್ಣು ಮಾಡಿಕೊಂಡು ನಗುತ್ತಾ ಕೂತಿದ್ದ. ಅವನನ್ನು ಎಲ್ಲರೂ 'ಕುಯಾ' ಅನ್ನುತ್ತಿದ್ದರು, ಅವರ ಭಾಷೆಯಲ್ಲಿ ಅಣ್ಣ ಅಂತ. "ಬ್ರದರ್, ನಿದ್ದೆ ಮಾಡಿಲ್ಲ, ನ್ಯೂಯಾರ್ಕ್ ಮ್ಯಾಚ್ ನೋಡಿದೆ. ನಮ್ಮ ಕಡೆಯ ಹುಡುಗನೊಬ್ಬ ಆಡಿದ" ಅಂದ. ಆ ಹುಡುಗ ಜೆರೆಮಿ ಲಿನ್. ಫಿಲಿಪಿನೋ ಅಲ್ಲ, ತೈವಾನಿನಿಂದ ಅಮೆರಿಕಕ್ಕೆ ಹೋದ ತಂದೆತಾಯಿಯ ಮಗ, ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಆದರೂ ಕುಯಾನಿಗೆ 'ನಮ್ಮ ಕಡೆಯವನು'. ಪರದೇಶದಲ್ಲಿ ಇರುವವರಿಗೆ ಈ 'ನಮ್ಮ ಕಡೆ' ಅನ್ನುವುದು ಎಷ್ಟು ದೂರ ಬೇಕಾದರೂ ಹಿಗ್ಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಬ್ಯಾಸ್ಕೆಟ್‌ಬಾಲ್ ನನಗೆ ಗೊತ್ತಿದ್ದ ಆಟವಲ್ಲ. ನಮ್ಮೂರಲ್ಲಿ ಕಬಡ್ಡಿ, ವಾಲಿಬಾಲ್ ಅಷ್ಟೇ. ಇಲ್ಲಿ ಫಿಲಿಪಿನೋಗಳು ಶುಕ್ರವಾರ ಬಂತೆಂದರೆ ಪಾರ್ಕಿಂಗ್ ಜಾಗದಲ್ಲೂ ಬುಟ್ಟಿ ನೆಟ್ಟು ಆಡುವುದನ್ನು ನೋಡಿರುತ್ತೀರಿ. ಪಾಯಿಂಟ್ ಗಾರ್ಡ್ ಅಂದರೆ ಯಾರು ಅಂತ ಕುಯಾನೇ ಹೇಳಿಕೊಟ್ಟ. ವಾಲಿಬಾಲ್‌ನಲ್ಲಿ ಚೆಂಡು ಎತ್ತಿಕೊಡುವವನು ಇರುತ್ತಾನಲ್ಲ, ಹೆಚ್ಚುಕಡಿಮೆ ಹಾಗೆ. ಚೆಂಡನ್ನು ಮುಂದಕ್ಕೆ ತರುವವನು ಅವನೇ, ಯಾರಿಗೆ ಕೊಡಬೇಕು ಅಂತ ತೀರ್ಮಾನಿಸುವವನೂ ಅವನೇ. ಜಾಗ ಸಿಕ್ಕರೆ ತಾನೇ ನುಗ್ಗಿ ಬುಟ್ಟಿಗೆ ಹಾಕಬೇಕು.

ಮ್ಯಾಚಿಗಿಂತ ನನ್ನನ್ನು ಹಿಡಿದದ್ದು ಅದರ ಹಿಂದಿನ ಕತೆ. ಲಿನ್ ಪಾಲೋ ಆಲ್ಟೋದ ಹೈಸ್ಕೂಲ್ ತಂಡದ ಕ್ಯಾಪ್ಟನ್ ಆಗಿ 2006ರಲ್ಲಿ ರಾಜ್ಯದ ಪ್ರಶಸ್ತಿ ಗೆದ್ದವನು. ಆ ಸೀಸನ್ನಿನಲ್ಲಿ ಅವರು 32 ಪಂದ್ಯ ಗೆದ್ದು ಸೋತದ್ದು ಒಂದೇ. ಹಾಗಿದ್ದರೂ ಒಂದು ಕಾಲೇಜೂ ಅವನಿಗೆ ಆಟದ ಸ್ಕಾಲರ್‌ಶಿಪ್ ಕೊಡಲಿಲ್ಲ. ತನ್ನ ಆಟದ ಡಿವಿಡಿಯನ್ನು ತಾನೇ ಕಾಲೇಜುಗಳಿಗೆ ಕಳಿಸಿ, ಕೊನೆಗೆ ಹಾರ್ವರ್ಡಿಗೆ ಹೋಗಿ ಅರ್ಥಶಾಸ್ತ್ರ ಓದಿ ಮುಗಿಸಿದ. 2010ರ ಡ್ರಾಫ್ಟಿನಲ್ಲಿ 60 ಹುಡುಗರನ್ನು ಆರಿಸಿದರು. ಅವನ ಹೆಸರು ಅದರಲ್ಲಿ ಇರಲಿಲ್ಲ.

ಮನೆಯ ಹತ್ತಿರದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಸೇರಿಸಿಕೊಂಡಿತು. ಒಂದು ವರ್ಷದಲ್ಲಿ ಆಡಿದ್ದು 29 ಪಂದ್ಯ, ಸರಾಸರಿ 2.6 ಅಂಕ. ನಡುವೆ ಮೂರು ಸಲ ಕೆಳದರ್ಜೆಯ ಲೀಗಿಗೆ ಕಳಿಸಿದರು. 2011ರಲ್ಲಿ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಲೀಗ್ ತಿಂಗಳುಗಟ್ಟಲೆ ಮುಚ್ಚಿತ್ತು. ಆಗ ಅವನು ಊರಲ್ಲಿ ಹೈಸ್ಕೂಲ್ ಹುಡುಗಿಯರಿಗೆ ಆಟ ಕಲಿಸುವ ಕೋಚ್ ಹತ್ತಿರ ಹೋಗಿ, ಚೆಂಡು ಎಸೆಯುವ ರೀತಿಯನ್ನೇ ಹೊಸದಾಗಿ ಕಲಿತ. ನನಗೆ ಬಹಳ ಹಿಡಿಸಿದ ವಿಷಯ ಇದು. ಲೀಗಿಗೆ ಹೋಗಿ ಬಂದವನು, ಹಾರ್ವರ್ಡ್ ಬೇರೆ, ಮತ್ತೆ ಮೊದಲಿಂದ ಕಲಿಯಲು ನಾಚಿಕೆಪಟ್ಟುಕೊಳ್ಳಲಿಲ್ಲ.

ಲೀಗ್ ತೆರೆಯಿತು. ಡಿಸೆಂಬರ್ 9ರಂದು, ತರಬೇತಿಯ ಮೊದಲ ದಿನವೇ, ವಾರಿಯರ್ಸ್ ಕೈಬಿಟ್ಟರು. ಹ್ಯೂಸ್ಟನ್ ತಂಡ ತೆಗೆದುಕೊಂಡಿತು, ಕ್ರಿಸ್ಮಸ್‌ನ ಹಿಂದಿನ ದಿನ ಅವರೂ ಬಿಟ್ಟರು. ಮೂರು ದಿನ ಕಳೆದು ನ್ಯೂಯಾರ್ಕ್ ನಿಕ್ಸ್ ಕರೆಯಿತು. ಅದೂ ಅವರ ಗಾರ್ಡ್ ಒಬ್ಬನಿಗೆ ಮೊಣಕಾಲಿಗೆ ಏಟಾಗಿತ್ತು ಅಂತ. ಕಾಂಟ್ರಾಕ್ಟ್ ಫೆಬ್ರವರಿ 10ರವರೆಗೆ ಖಾತ್ರಿಯಿಲ್ಲ, ಅಷ್ಟರೊಳಗೆ ಯಾವಾಗ ಬೇಕಾದರೂ ತೆಗೆಯಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪ್ರೊಬೇಷನ್. ಬಾಡಿಗೆ ಮನೆ ಹಿಡಿದರೆ ನಾಳೆ ಏನೋ ಎತ್ತೋ ಅಂತ, ದಂತವೈದ್ಯ ಓದುತ್ತಿದ್ದ ಅಣ್ಣನ ಫ್ಲ್ಯಾಟಿನಲ್ಲಿ ಸೋಫಾದ ಮೇಲೆ ಮಲಗುತ್ತಿದ್ದ. ಇದನ್ನು ಕುಯಾ ಹೇಳಿದಾಗ ನನಗೆ ನನ್ನ ಟ್ರಂಕ್ ನೆನಪಾಯಿತು.

ನಿಕ್ಸ್‌ನ ಮೊದಲ 23 ಪಂದ್ಯಗಳಲ್ಲಿ ಅವನು ಕೋರ್ಟಿನಲ್ಲಿದ್ದದ್ದು ಒಟ್ಟು 55 ನಿಮಿಷ. ಜನವರಿಯಲ್ಲಿ ಮತ್ತೆ ಕೆಳಲೀಗಿನ ಈರಿ ತಂಡಕ್ಕೆ ಕಳಿಸಿದರು. ಒಂದೇ ಪಂದ್ಯದಲ್ಲಿ 28 ಅಂಕ, 11 ರೀಬೌಂಡ್, 12 ಅಸಿಸ್ಟ್ ಮಾಡಿ ವಾಪಸ್ ಬಂದ. ಆದರೂ ಬೆಂಚೇ ಗತಿ. ಅಷ್ಟರಲ್ಲಿ ನಿಕ್ಸ್ ಸೋತು ಸುಣ್ಣವಾಗಿತ್ತು, 8 ಗೆಲುವು 15 ಸೋಲು. ಅನುಭವಿ ಗಾರ್ಡಿಗೆ ಬೆನ್ನುನೋವು, ಉಳಿದವರ ಆಟ ಕೈಕೊಟ್ಟಿತ್ತು. ಫೆಬ್ರವರಿ 4ರ ರಾತ್ರಿ ನ್ಯೂಜೆರ್ಸಿ ನೆಟ್ಸ್ ವಿರುದ್ಧ ಕೋಚ್ ಮೈಕ್ ಡಾಂಟೋನಿ ಬೇರೆ ದಾರಿಯಿಲ್ಲದೆ ಇವನನ್ನು ಇಳಿಸಿದರು. 25 ಅಂಕ, 7 ಅಸಿಸ್ಟ್, ಗೆಲುವು. ಅದೇ ಕುಯಾ ನಿದ್ದೆಗೆಟ್ಟ ಪಂದ್ಯ.

ಮುಂದಿನದನ್ನು ನಾನೂ ನೋಡಿದೆ. ಇಲ್ಲಿ ಬೆಳಗಿನ ಜಾವ ಅಲಾರಂ ಇಟ್ಟು ಎದ್ದು, ಕುಯಾನ ರೂಮಿನಲ್ಲಿ ಎಂಟು ಜನ ಒಂದು ಲ್ಯಾಪ್‌ಟಾಪಿನ ಸುತ್ತ ಕೂರುತ್ತಿದ್ದೆವು. ಯೂಟಾ ವಿರುದ್ಧ 28 ಅಂಕ. ವಾಷಿಂಗ್ಟನ್ ವಿರುದ್ಧ 23. ಆ ಫೆಬ್ರವರಿ 10ರಂದೇ ಕೋಬಿ ಬ್ರಯಂಟ್ ಇದ್ದ ಲೇಕರ್ಸ್ ವಿರುದ್ಧ ಪಂದ್ಯ. ಕೋಬಿ 34 ಹಾಕಿದ, ಲಿನ್ 38. ನಾಲ್ಕು ದಿನ ಬಿಟ್ಟು ಟೊರಾಂಟೊದಲ್ಲಿ 87-87 ಸಮ, ಗಡಿಯಾರದಲ್ಲಿ ಕೆಲವೇ ಸೆಕೆಂಡು. ಇವನು ಚೆಂಡು ಹಿಡಿದು ಸುಮ್ಮನೆ ನಿಂತ. ರೂಮಿನಲ್ಲಿ ಯಾರೋ "ಕೊಡು, ಯಾರಿಗಾದರೂ ಕೊಡು" ಅಂತ ಕಿರುಚಿದರು. ಕೊಡಲಿಲ್ಲ. ದೂರದಿಂದಲೇ ಎಸೆದ, ಮೂರು ಅಂಕ. ಪಕ್ಕದ ರೂಮಿನ ಮಲಯಾಳಿ ನರ್ಸ್ ಬಂದು ಬಾಗಿಲು ಬಡಿದು ಬೈದು ಹೋದರು. ನಿಕ್ಸ್ ಸತತ ಏಳು ಪಂದ್ಯ ಗೆದ್ದಿತು. ಮೊದಲ ಸಾಲಿನಲ್ಲಿ ಇಳಿದ ಮೊದಲ ಐದು ಪಂದ್ಯಗಳಲ್ಲಿ ಲಿನ್ 136 ಅಂಕ ಹಾಕಿದ್ದ. 1976ರಲ್ಲಿ ಎರಡು ಲೀಗ್ ಸೇರಿ ಒಂದಾದ ಮೇಲೆ ಯಾರೂ ಅಷ್ಟು ಮಾಡಿರಲಿಲ್ಲ.

ಪೇಪರುಗಳೆಲ್ಲ ಎಲ್ಲಿಂದಲೋ ಉದುರಿದ ಪವಾಡ ಅಂತ ಬರೆದವು. ಸರಿಯಾಗಿ ಮಾತಾಡಿದ್ದು ಸೋತ ಕೋಬಿ. ಇಷ್ಟು ಚೆನ್ನಾಗಿ ಆಡುವವರು ಎಲ್ಲಿಂದಲೋ ಬರುವುದಿಲ್ಲ, ಕೈಚಳಕ ಮೊದಲಿಂದಲೂ ಇದ್ದಿರಬೇಕು, ಯಾರೂ ಗಮನಿಸಿಲ್ಲ ಅಷ್ಟೇ, ಎಂಬ ಅರ್ಥದಲ್ಲಿ ಹೇಳಿದ. ನಾನು ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡೆ. ಪ್ರೊಬೇಷನ್‌ನಲ್ಲಿ ಇರುವವನು ಇಂಥವನ್ನೆಲ್ಲ ಬರೆದುಕೊಳ್ಳುತ್ತಾನೆ.

ಕುಯಾ ಮಾತ್ರ ಬರೆದುಕೊಳ್ಳಲಿಲ್ಲ. "ಆ ಗಾರ್ಡಿಗೆ ಬೆನ್ನು ನೋಯದೆ ಇದ್ದಿದ್ದರೆ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಅವರ ದೇಶದಲ್ಲಿ ಲೈಸೆನ್ಸ್ ಇದ್ದ ಫಾರ್ಮಸಿಸ್ಟ್. ಇಲ್ಲಿ ಟೆಕ್ನಿಷಿಯನ್ ಆಗಿ ಪೆಟ್ಟಿಗೆ ಬಿಚ್ಚಿ ಶೆಲ್ಫಿನಲ್ಲಿ ಜೋಡಿಸುತ್ತಿದ್ದ. ಡಾಕ್ಟರ ಗೀಚು ಅಕ್ಷರ ನಮಗೆ ಓದಲಾಗದಿದ್ದರೆ ಅವನಿಗೆ ತೋರಿಸುತ್ತಿದ್ದೆವು. ಎರಡು ಔಷಧ ಒಟ್ಟಿಗೆ ಕೊಡಬಾರದು ಅಂತ ಒಂದು ಸಲ ನನ್ನ ಕೈ ಹಿಡಿದು ನಿಲ್ಲಿಸಿದ್ದ. ರಿಜಿಸ್ಟರಿನಲ್ಲಿ ಸಹಿ ನನ್ನದು.

ಮಾರ್ಚ್ ಕೊನೆಗೆ ಲಿನ್‌ನ ಎಡ ಮೊಣಕಾಲಿನ ಮೆನಿಸ್ಕಸ್ ಹರಿದಿದೆ ಅಂತ ಸುದ್ದಿ ಬಂತು. ತೊಡೆಮೂಳೆ ಮತ್ತು ಕಾಲಿನ ಮೂಳೆಯ ನಡುವೆ ಅರ್ಧಚಂದ್ರದ ಆಕಾರದ ಮೃದ್ವಸ್ಥಿ ಅದು, ಗಾಡಿಯ ಶಾಕ್ ಅಬ್ಸಾರ್ಬರ್ ಇದ್ದಂತೆ. ಅದಕ್ಕೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಶಸ್ತ್ರಚಿಕಿತ್ಸೆ ಆಯಿತು, ಸೀಸನ್ ಮುಗಿಯಿತು. ಪ್ಲೇಆಫ್‌ನಲ್ಲಿ ನಿಕ್ಸ್ ಮಯಾಮಿ ಎದುರು ಸೋಲುತ್ತಿದ್ದಾಗ ಲಿನ್ ತನ್ನ ಕಾಲು ಶೇಕಡಾ 85ರಷ್ಟು ಸರಿಯಿದೆ ಅಂದ, ಆಡಲಿಲ್ಲ. ಮುಂದಿನ ಕಾಂಟ್ರಾಕ್ಟಿಗಾಗಿ ಕಾಲು ಉಳಿಸಿಕೊಳ್ಳುತ್ತಿದ್ದಾನೆ ಅಂತ ಬಹಳ ಜನ ಬೈದರು.

ನಾನು ಅವನ ಪಕ್ಷ. ಕೌಂಟರಿನಲ್ಲಿ ದಿನವೂ ನೋಡುತ್ತೇನೆ, ಸ್ಕ್ಯಾಫೋಲ್ಡಿಂಗ್ ಕೆಲಸದವರು ಮೊಣಕಾಲು ಊದಿಸಿಕೊಂಡು ಬಂದು ಡೈಕ್ಲೋಫೆನಾಕ್ ಕೇಳುತ್ತಾರೆ. ಎಂಆರ್‌ಐ ಬೇಡ, ರಜೆ ಬೇಡ, ನಾಳೆ ಡ್ಯೂಟಿಗೆ ಹೋಗುವಂತಾದರೆ ಸಾಕು. ಮಾತ್ರೆ ನೋವನ್ನು ಮುಚ್ಚುತ್ತದೆ, ಹರಿದದ್ದನ್ನು ಹೊಲಿಯುವುದಿಲ್ಲ. ಹೊಟ್ಟೆಗೆ, ಕಿಡ್ನಿಗೆ ಆಗುವ ಹಾನಿ ಬೇರೆ. ಕಾಲು ನಂಬಿ ಬದುಕುವವನು ಕಾಲು ಉಳಿಸಿಕೊಂಡರೆ ತಪ್ಪೇನು? ಆ ಬೇಸಿಗೆಯಲ್ಲಿ ಅವನಿಗೆ ಮೂರು ವರ್ಷಕ್ಕೆ ಸುಮಾರು ಎರಡೂವರೆ ಕೋಟಿ ಡಾಲರ್ ಕೊಟ್ಟು ಕರೆದವರು, ಕ್ರಿಸ್ಮಸ್ ಹಿಂದಿನ ದಿನ ಕೈಬಿಟ್ಟಿದ್ದ ಅದೇ ಹ್ಯೂಸ್ಟನ್‌ನವರು. ನ್ಯೂಯಾರ್ಕ್ ಅಷ್ಟು ಕೊಡಲು ಒಪ್ಪಲಿಲ್ಲ.

ನನ್ನ ಪ್ರೊಬೇಷನ್ ಏಪ್ರಿಲ್‌ನಲ್ಲಿ ಮುಗಿದು ಕೆಲಸ ಖಾಯಂ ಆಯಿತು. ಮೇ ತಿಂಗಳಲ್ಲಿ ಕುಯಾನ ಕಾಂಟ್ರಾಕ್ಟ್ ನವೀಕರಿಸಲಿಲ್ಲ. ಕಾರಣ ಕೇಳಿದರೆ ಹುದ್ದೆ ಕಡಿಮೆ ಮಾಡುತ್ತಿದ್ದೇವೆ ಅಂದರು. ಏರ್‌ಪೋರ್ಟಿಗೆ ಬಿಡಲು ನಾನೇ ಹೋಗಿದ್ದೆ. ಶುಕ್ರವಾರದ ಆಟಕ್ಕೆ ಹಾಕುತ್ತಿದ್ದ, ಲಿನ್‌ನ 17 ನಂಬರಿನ ನೀಲಿ ಬನಿಯನ್ ಮೈಮೇಲಿತ್ತು. ಅವನ ಜಾಗಕ್ಕೆ ಯಾರೂ ಬರಲಿಲ್ಲ, ಪೆಟ್ಟಿಗೆ ಬಿಚ್ಚುವ ಕೆಲಸವೂ ನಮಗೇ ಬಂತು.

ಲಿನ್ ಆಮೇಲೆ ಹಲವು ತಂಡಗಳಿಗೆ ಆಡಿದ. 2017ರಲ್ಲಿ ಬಲ ಮೊಣಕಾಲೂ ಕೈಕೊಟ್ಟಿತು. ಆ ಫೆಬ್ರವರಿ ಮತ್ತೆ ಬರಲಿಲ್ಲ. ಕೊನೆಗೆ ಅಪ್ಪ-ಅಮ್ಮನ ತೈವಾನಿಗೆ ಹೋಗಿ, ತಮ್ಮನ ಜೊತೆ ಒಂದೇ ತಂಡದಲ್ಲಿ ಆಡಿ, 2025ರ ಆಗಸ್ಟ್ ಕೊನೆಯಲ್ಲಿ ನಿವೃತ್ತನಾದ. ಆ ದಿನ ಕುಯಾನಿಂದ ವಾಟ್ಸಾಪ್ ಬಂತು. ಈಗ ಅವನು ಊರಲ್ಲಿ ತನ್ನದೇ ಸಣ್ಣ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಕೌಂಟರಿನ ಹಿಂದೆ ನಿಂತ ಫೋಟೋ ಕಳಿಸಿದ್ದ. ಗೋಡೆಯ ಮೇಲೆ ಚೌಕಟ್ಟಿನಲ್ಲಿ ಅವನ ಲೈಸೆನ್ಸು, ಪಕ್ಕದ ಮೊಳೆಗೆ ಬಣ್ಣ ಮಾಸಿದ 17ನೇ ನಂಬರಿನ ಬನಿಯನ್ನು. "ಬ್ರದರ್, ಈಗ ಸಹಿ ನಂದೇ" ಅಂತ ಬರೆದಿದ್ದ.